ಬಕೆಟ್ಟಿನ ನೀರು ಕೆಳಗಿಳಿಯಿತೇ? ಮೊದಲು ಪೈಪು ಎತ್ತಿ



ಸಂಜೆ ಹಾಲು ಕರೆಯುವ ಹೊತ್ತು. ಆಗಷ್ಟೇ ತ್ರೀ ಫೇಸ್ ಕರೆಂಟ್ ಬಂದಿದೆ. ಬೋರ್‌ವೆಲ್ ಮೋಟರ್ ಹಾಕಿ, ಕೊಟ್ಟಿಗೆಯ ನಲ್ಲಿಗೆ ಸಿಕ್ಕಿಸಿದ ಪೈಪನ್ನು ದನಗಳ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟು, ನೀವು ಕೆಚ್ಚಲು ತೊಳೆಯಲು ಕೂರುತ್ತೀರಿ. ತೊಟ್ಟಿ ಅರ್ಧ ತುಂಬುವಷ್ಟರಲ್ಲಿ ಕರೆಂಟ್ ಹೋಗುತ್ತದೆ. ಪೈಪಿನ ತುದಿ ನೀರಿನಲ್ಲಿ ಮುಳುಗಿಯೇ ಇದೆ, ನಲ್ಲಿ ತೆರೆದೇ ಇದೆ. ಕೈಯಲ್ಲಿ ಕೆಲಸವಿರುವುದರಿಂದ ನೀವು ಏಳುವುದಿಲ್ಲ. ಹಾಲು ಕರೆದು ಎದ್ದು ನೋಡಿದರೆ ತೊಟ್ಟಿಯ ನೀರು ಮೊದಲಿಗಿಂತ ಕಡಿಮೆಯಾಗಿದೆ. ಹಸು ಕುಡಿದಿರಬೇಕು ಎಂದುಕೊಂಡು ಸುಮ್ಮನಾಗುತ್ತೀರಿ.

ಹಸು ಕುಡಿದಿರದೆ ಇರಬಹುದು. ಆ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿರಬಹುದು. ಮೇವಿನ ಚೂರು, ಜೊಲ್ಲು, ಸಗಣಿಯ ಹನಿ ಬಿದ್ದ ನೀರು ಪೈಪಿನೊಳಗೆ ಸೇರಿ, ಮರುದಿನ ಮೋಟರ್ ಹಾಕಿದಾಗ ಅಡುಗೆಮನೆಯ ನಲ್ಲಿಯಲ್ಲಿ ಬಂದಿರಬಹುದು. ಅದೇ ನೀರಿನಲ್ಲಿ ಹಾಲಿನ ಕ್ಯಾನು ತೊಳೆದಿರಬಹುದು, ಮಗುವಿಗೆ ಕುಡಿಯಲು ಕೊಟ್ಟಿರಬಹುದು.

ನೀರು ಹೀಗೆ ಹಿಂದಕ್ಕೆ ಹೋಗುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಆ ಪರೀಕ್ಷೆಯಲ್ಲಿ ನಿಮ್ಮ ಲೈನು ಫೇಲಾದರೆ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನೀರು ಹಿಂದಕ್ಕೆ ಹೋಗುವುದು ಹೇಗೆ?

ಡ್ರಮ್ಮಿನಿಂದ ಡೀಸೆಲ್ ತೆಗೆಯುವುದನ್ನು ನೋಡಿದ್ದೀರಿ. ಪೈಪಿನ ಒಂದು ತುದಿ ಡ್ರಮ್ಮಿನೊಳಗೆ, ಇನ್ನೊಂದು ತುದಿ ತಗ್ಗಿನಲ್ಲಿ. ಒಮ್ಮೆ ಎಳೆದು ಬಿಟ್ಟರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಹರಿದು ಬರುತ್ತದೆ. ತೊಟ್ಟಿಯಲ್ಲಿ ಮುಳುಗಿದ ಪೈಪಿನಲ್ಲೂ ಆಗುವುದು ಇದೇ. ಮೋಟರ್ ನಿಂತಾಗ ಪೈಪಿನೊಳಗಿನ ನೀರು ಬೋರ್‌ವೆಲ್ ಕಡೆಗೆ ಜಾರಲು ನೋಡುತ್ತದೆ. ಅದನ್ನು ತಡೆಯಲೆಂದೇ ಎನ್‌ಆರ್‌ವಿ ಎಂಬ ವಾಲ್ವ್ ಇರುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು ಅದು. ತೆರೆದ ಬಾವಿಯ ಮೋಟರಾದರೆ ಈ ಕೆಲಸವನ್ನು ಫುಟ್‌ವಾಲ್ವ್ ಮಾಡುತ್ತದೆ. ಬಾಗಿಲಿನ ಸಂದಿಗೆ ಮರಳಿನ ಕಾಳು ಸಿಕ್ಕಿಕೊಂಡರೆ, ಇಲ್ಲವೇ ವಾಷರ್ ಸವೆದರೆ, ಅದು ಪೂರ್ತಿ ಮುಚ್ಚುವುದಿಲ್ಲ. ನೀರು ಕೆಳಗಿಳಿಯುತ್ತದೆ, ಇಳಿಯುವಾಗ ತೊಟ್ಟಿಯ ನೀರನ್ನೂ ಎಳೆದುಕೊಂಡು ಹೋಗುತ್ತದೆ.

ಪಂಚಾಯಿತಿ ನಲ್ಲಿಯಲ್ಲೂ ಇದು ನಡೆಯುತ್ತದೆ. ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ಮನೆಯವರು ನಲ್ಲಿ ತಿರುಗಿಸಿದರೆ, ಎತ್ತರದ ಮನೆಯ ತೊಟ್ಟಿಯಲ್ಲಿ ಮುಳುಗಿರುವ ಪೈಪಿನಿಂದ ನೀರು ಎಳೆಯಬಹುದು. ಬೀದಿ ಲೈನಿಗೆ ನೇರವಾಗಿ ಮೋಟರ್ ಕೂರಿಸಿದರಂತೂ ಪೈಪಿನ ಸೀಳಿನಿಂದ ಚರಂಡಿ ನೀರೂ ಒಳಗೆ ಬರುತ್ತದೆ.

ಇದು ಎಲ್ಲೋ ಆಗುವ ಅಪರೂಪದ ಮಾತಲ್ಲ. 1969ರಲ್ಲಿ ಅಮೆರಿಕದ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ 97 ಜನರಲ್ಲಿ 90 ಮಂದಿಗೆ ಒಟ್ಟಿಗೇ ಹೆಪಟೈಟಿಸ್ ತಗುಲಿತು. ಮೈದಾನದ ನಲ್ಲಿಗಳ ಸುತ್ತ ನಿಂತಿದ್ದ ಕೊಳಕು ನೀರು ಪೈಪಿನೊಳಗೆ ಸೇರಿದ್ದೇ ಅದಕ್ಕೆ ಕಾರಣ. ಹತ್ತಿರದಲ್ಲಿ ಬಿದ್ದ ಬೆಂಕಿ ಆರಿಸಲು ಅಗ್ನಿಶಾಮಕದವರು ಲೈನಿನಿಂದ ಒಮ್ಮೆಲೇ ನೀರು ತೆಗೆದಾಗ ಒತ್ತಡ ಇಳಿದು, ಆ ನೀರು ಒಳಕ್ಕೆ ಎಳೆದುಕೊಂಡಿತ್ತು. ನಮ್ಮಲ್ಲಿ ಒತ್ತಡ ಇಳಿಯಲು ಬೆಂಕಿ ಬೀಳಬೇಕಾಗಿಲ್ಲ, ಕರೆಂಟ್ ಹೋದರೆ ಸಾಕು.

ಕಾಲು ಗಂಟೆಯ ಬಕೆಟ್ ಪರೀಕ್ಷೆ

ತೊಳೆದ ಬಕೆಟ್ಟಿನ ತುಂಬ ಕುಡಿಯುವ ನೀರು ತುಂಬಿ. ಪರೀಕ್ಷೆ ಫೇಲಾದರೆ ಈ ನೀರು ಲೈನಿನೊಳಗೆ ಹೋಗುತ್ತದೆ. ಆದ್ದರಿಂದ ಬಣ್ಣ, ಅರಿಶಿನ ಏನೂ ಹಾಕಬೇಡಿ. ಪೈಪಿನ ತುದಿಯನ್ನೂ ತೊಳೆಯಿರಿ. ಮೋಟರ್ ಹಾಕಿ, ಪೈಪಿನಲ್ಲಿ ಗಾಳಿ ಹೋಗಿ ನೀರು ಸರಾಗವಾಗಿ ಬರಲಿ. ಈಗ ಪೈಪಿನ ತುದಿಯನ್ನು ಬಕೆಟ್ಟಿನ ತಳದವರೆಗೆ ಮುಳುಗಿಸಿ, ನಲ್ಲಿ ತೆರೆದಿಟ್ಟೇ ಮೋಟರ್ ಆಫ್ ಮಾಡಿ. ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕಾಲು ಗಂಟೆ ನೋಡಿ. ಮಟ್ಟ ಕೆಳಗಿಳಿದರೆ ಲೈನು ಫೇಲ್. ಅನುಮಾನವಿದ್ದರೆ ಇನ್ನೊಮ್ಮೆ ಮಾಡಿ.

ಮಾಳಿಗೆಯ ಟ್ಯಾಂಕಿನಿಂದ ಕೊಟ್ಟಿಗೆಗೆ ನೀರು ಬರುವ ಮನೆಗಳಲ್ಲಿ ಮೋಟರ್ ಬೇಕಿಲ್ಲ. ಪೈಪು ತುಂಬಿ ನೀರು ಬರುತ್ತಿರುವಾಗ ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಟ್ಯಾಂಕಿನ ಕೆಳಗಿನ ಗೇಟ್‌ವಾಲ್ವ್ ಮುಚ್ಚಿ. ನಂತರ ಕೊಟ್ಟಿಗೆಗಿಂತ ತಗ್ಗಿನಲ್ಲಿರುವ ನಲ್ಲಿಯೊಂದನ್ನು ತೆರೆಯಿರಿ. ಬಕೆಟ್ಟಿನ ನೀರು ಇಳಿದರೆ ಅಲ್ಲೂ ಫೇಲ್.

ಪರೀಕ್ಷೆ ಮಾಡದಿದ್ದರೂ ಕೆಲವು ಗುರುತುಗಳಿವೆ. ಮೋಟರ್ ನಿಂತ ಕೂಡಲೇ ನಲ್ಲಿಯ ಬಾಯಿಗೆ ಅಂಗೈ ಒತ್ತಿದರೆ ಒಳಕ್ಕೆ ಎಳೆದಂತಾಗುವುದು, ಮೋಟರ್ ಹಾಕಿದ ಮೇಲೆ ಬಹಳ ಹೊತ್ತು ಬರೀ ಗಾಳಿ ಬರುವುದು, ಬಾವಿಯ ಮೋಟರಿಗೆ ಪ್ರತಿಸಲ ನೀರು ಹುಯ್ದೇ ಸ್ಟಾರ್ಟ್ ಮಾಡಬೇಕಾಗುವುದು. ಇವೆಲ್ಲ ವಾಲ್ವ್ ಹಿಡಿಯುತ್ತಿಲ್ಲ ಎಂಬುದರ ಸೂಚನೆ.

ಫೇಲಾದ ಕೂಡಲೇ

ಮೆಕ್ಯಾನಿಕ್‌ಗೆ ಫೋನ್ ಮಾಡುವುದು ಎರಡನೆಯ ಕೆಲಸ. ಮೊದಲನೆಯದು ಪೈಪನ್ನು ನೀರಿನಿಂದ ಮೇಲೆತ್ತುವುದು. ತೊಟ್ಟಿ, ಡ್ರಮ್ಮು, ಬಕೆಟ್ಟು, ಕಲಗಚ್ಚಿನ ಬಾನಿ ಎಲ್ಲಿ ಪೈಪು ಮುಳುಗಿದ್ದರೂ ತೆಗೆದು, ನಲ್ಲಿ ಮುಚ್ಚಿ. ವಾಲ್ವ್ ಕೆಟ್ಟಿದ್ದರೂ ಪೈಪಿನ ತುದಿ ಗಾಳಿಯಲ್ಲಿದ್ದರೆ ಅದು ಎಳೆಯುವುದು ಗಾಳಿಯನ್ನೇ ಹೊರತು ಕೊಳಕನ್ನಲ್ಲ.

ಎರಡನೆಯದಾಗಿ, ಕುಡಿಯಲು, ಅಡುಗೆಗೆ, ಹಾಲಿನ ಪಾತ್ರೆ ತೊಳೆಯಲು ಬೇರೆ ಕಡೆಯ ನೀರು ತನ್ನಿ. ಮನೆಯವರಿಗೆಲ್ಲ ಹೇಳಿ. ಮಕ್ಕಳು ಆಟವಾಡಿ ಬಂದು ನಲ್ಲಿಗೇ ಬಾಯಿ ಹಚ್ಚುತ್ತಾರೆ. ಅವರ ಕಣ್ಣಿಗೆ ಬೀಳುವಂತೆ ನಲ್ಲಿಗೆ ಒಂದು ಬಟ್ಟೆ ಕಟ್ಟಿ.

ದನಗಳಿಗೂ ನೀರಿನ ವ್ಯವಸ್ಥೆ ಆಗಬೇಕು. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುವುದರಿಂದ ನೀರು ಕಡಿಮೆಯಾದರೆ ಹಾಲೂ ಇಳಿಯುತ್ತದೆ. ಎಷ್ಟು ಕೊಡ ಹೊರಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಮನೆಯ ಗಂಡಸರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಿ.

ಪೈಪು ಯಾವುದರಲ್ಲಿ ಮುಳುಗಿತ್ತು?

ಮುಂದಿನದೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕಳೆದ ಕೆಲವು ದಿನಗಳಲ್ಲಿ ಆ ಪೈಪನ್ನು ಎಲ್ಲೆಲ್ಲಿ ಹಾಕಿದ್ದಿರಿ ಎಂದು ಮನೆಯವರೆಲ್ಲ ಕೂತು ನೆನಪು ಮಾಡಿಕೊಳ್ಳಿ. ಹೊಲಕ್ಕೆ ಔಷಧಿ ಹೊಡೆಯುವವರನ್ನು ಮರೆಯದೆ ಕೇಳಿ.

ದನದ ತೊಟ್ಟಿ, ಬಾನಿ, ಕೊಟ್ಟಿಗೆ ತೊಳೆಯುವ ಬಕೆಟ್ಟು ಮಾತ್ರ ಆಗಿದ್ದರೆ ಭಯ ರೋಗಾಣುಗಳದ್ದು. ಭೇದಿ, ಟೈಫಾಯ್ಡ್‌ನಂಥ ಕಾಯಿಲೆಗಳು ಹೀಗೆಯೇ ಬರುತ್ತವೆ. ಇಂಥ ನೀರಿನಲ್ಲಿ ಕೆಚ್ಚಲು ತೊಳೆದರೆ ಕೆಚ್ಚಲು ಬಾವು ಬರಬಹುದು, ಕ್ಯಾನು ತೊಳೆದರೆ ಹಾಲು ಬೇಗ ಹುಳಿಯಬಹುದು. ಬೇರೆ ನೀರು ಸಿಗದಿದ್ದರೆ ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಆರಿಸಿ ಕುಡಿಯಿರಿ.

ಔಷಧಿ ಹೊಡೆಯುವ ಡ್ರಮ್ಮು, ಉಣ್ಣೆಗೆ ಹಚ್ಚುವ ಔಷಧಿ ಕಲಸಿದ ಬಕೆಟ್ಟು, ಹುಲ್ಲಿಗೆ ಯೂರಿಯಾ ಕರಗಿಸಿದ ಡ್ರಮ್ಮು, ಡ್ರಿಪ್ ಲೈನಿಗೆ ಗೊಬ್ಬರ ಬಿಡುವ ತೊಟ್ಟಿ, ಹಾಲಿನ ಮೆಷಿನ್ ತೊಳೆಯುವ ಸೋಡಾ ಅಥವಾ ಆಸಿಡ್ ನೀರು, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಪೈಪು ಮುಳುಗಿದ್ದರೆ ಮಾತೇ ಬೇರೆ. ಕುದಿಸಿದರೆ ವಿಷ ಹೋಗುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ. ಗೊಬ್ಬರದ ನೈಟ್ರೇಟ್ ಇರುವ ನೀರನ್ನು ಕುದಿಸಿದರೆ ನೀರು ಇಂಗಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ಜೀವಕ್ಕೇ ಅಪಾಯ. ಈ ನೀರನ್ನು ಮನುಷ್ಯರಿಗೂ ದನಕ್ಕೂ ಕೊಡಬೇಡಿ. ಔಷಧಿಯ ಬಾಟಲಿ ಅಥವಾ ಗೊಬ್ಬರದ ಚೀಲವನ್ನು ಎಸೆಯದೆ ಇಟ್ಟುಕೊಳ್ಳಿ. ವೈದ್ಯರೂ ಕೃಷಿ ಅಧಿಕಾರಿಗಳೂ ಮೊದಲು ಕೇಳುವುದು ಅದನ್ನೇ.

ದನ ಈಗಾಗಲೇ ಕುಡಿದಿದ್ದು, ಜೊಲ್ಲು ಸುರಿಸುವುದು, ನಡುಗುವುದು, ಹೊಟ್ಟೆ ಉಬ್ಬರಿಸುವುದು, ಏದುಸಿರು ಬಿಡುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ತಕ್ಷಣ ಪಶುವೈದ್ಯರನ್ನು ಕರೆಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಮನೆಯವರಿಗೆ ವಾಂತಿ, ತಲೆಸುತ್ತು ಬಂದರೆ 108ಕ್ಕೆ ಫೋನ್ ಮಾಡಿ.

ಆ ಹೊತ್ತಿನ ಹಾಲು

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತಿದು. ದನ ವಿಷ ಬೆರೆತ ನೀರು ಕುಡಿದಿರುವ ಅನುಮಾನವಿದ್ದರೆ, ಅಥವಾ ಆ ನೀರಿನಲ್ಲಿ ಪಾತ್ರೆ ತೊಳೆದಿದ್ದರೆ, ಆ ಹಾಲನ್ನು ಡೇರಿಗೆ ಹಾಕಬೇಡಿ. ಮನೆಯಲ್ಲೂ ಬಳಸಬೇಡಿ, ಕರುವಿಗೂ ಬಿಡಬೇಡಿ. ಮತ್ತೆ ಯಾವಾಗಿನಿಂದ ಹಾಕಬಹುದು ಎಂಬುದನ್ನು ಪಶುವೈದ್ಯರು ಹೇಳಲಿ.

ಒಂದು ಹೊತ್ತಿನ ಹಾಲು ಎಂದರೆ ಎಷ್ಟು ಎಂದು ನಿಮಗೆ ಗೊತ್ತು. ಹಿಂಡಿಯ ಸಾಲ, ಮಕ್ಕಳ ಫೀಸು, ಸಂಘದ ಚೀಟಿ ಎಲ್ಲ ಅದರಲ್ಲೇ ನಡೆಯಬೇಕು. ಆದರೆ ನಿಮ್ಮ ಐದು ಲೀಟರ್ ಹಾಲು ಊರಿನ ಎಲ್ಲ ಮನೆಗಳ ಹಾಲಿನ ಜೊತೆ ಒಂದೇ ಟ್ಯಾಂಕಿಗೆ ಸೇರುತ್ತದೆ. ಅಲ್ಲಿ ಸೇರಿದ ಮೇಲೆ ಯಾರದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಡೇರಿಗೆ ಹೋಗಿ ಕಾರ್ಯದರ್ಶಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಹೇಳಿದವರನ್ನು ದೂರುವುದಾಗಲೀ ಆಡಿಕೊಳ್ಳುವುದಾಗಲೀ ಸಂಘದಲ್ಲಿ ಆಗಬಾರದು. ಒಬ್ಬಳು ಹೇಳಿದ್ದಕ್ಕೆ ತಲೆ ತಗ್ಗಿಸಬೇಕಾಗಿ ಬಂದರೆ ಮುಂದಿನವಳು ಹೇಳುವುದೇ ಇಲ್ಲ.

ಪೈಪು, ಟ್ಯಾಂಕು ಶುದ್ಧ ಮಾಡುವುದು

ವಿಷದ ಅನುಮಾನವಿದ್ದರೆ ಈ ಕೆಲಸವನ್ನು ನೀವೇ ಮಾಡಲು ಹೋಗಬೇಡಿ. ಪಂಚಾಯಿತಿಗೆ ತಿಳಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, ಅವರು ಹೇಳಿದಂತೆ ನಡೆಯಿರಿ. ರೋಗಾಣುಗಳ ಭಯ ಮಾತ್ರವಿದ್ದರೆ ಟ್ಯಾಂಕನ್ನು ಹೀಗೆ ಶುದ್ಧ ಮಾಡಬಹುದು.

1. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಗೋಡೆ ಮತ್ತು ತಳವನ್ನು ಉಜ್ಜಿ ಕೆಸರು ತೆಗೆಯಿರಿ.

2. ಸಾವಿರ ಲೀಟರ್ ಟ್ಯಾಂಕಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರ್ ತೂಗಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಟ್ಯಾಂಕಿಗೆ ಹಾಕಿ. ಹಳೆಯ, ವಾಸನೆಯೇ ಇಲ್ಲದ ಪುಡಿಯಲ್ಲಿ ಸತ್ವ ಇರುವುದಿಲ್ಲ.

3. ಟ್ಯಾಂಕು ತುಂಬಿಸಿ. ಒಂದೊಂದೇ ನಲ್ಲಿ ತೆರೆದು, ಬ್ಲೀಚಿಂಗ್ ವಾಸನೆ ಬಂದ ಮೇಲೆ ಮುಚ್ಚಿ. ಆಗ ಪೈಪಿನೊಳಗೂ ಔಷಧಿ ತಲುಪುತ್ತದೆ. 24 ಗಂಟೆ ಹಾಗೇ ಬಿಡಿ.

4. ಮರುದಿನ ಎಲ್ಲ ನೀರನ್ನೂ ಹೊರಗೆ ಬಿಡಿ. ಕೆರೆಗೆ, ಮೀನಿನ ಹೊಂಡಕ್ಕೆ, ಮೇವಿನ ಬೆಳೆಗೆ ಬಿಡಬೇಡಿ. ದನ ಕುಡಿಯದಂತೆ ನೋಡಿಕೊಳ್ಳಿ. ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಿರಿ.

ಕೈಗೆ ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಲೀಚಿಂಗ್ ಪೌಡರನ್ನು ಆಸಿಡ್ ಅಥವಾ ಕಕ್ಕಸು ತೊಳೆಯುವ ದ್ರಾವಣದ ಜೊತೆ ಸೇರಿಸಲೇಬೇಡಿ. ವಿಷದ ಗಾಳಿ ಏಳುತ್ತದೆ. ಬೋರ್‌ವೆಲ್ಲಿಗೆ ಔಷಧಿ ಹಾಕುವುದನ್ನು ಅಂದಾಜಿನ ಮೇಲೆ ಮಾಡದೆ ಇಲಾಖೆಯವರಿಂದಲೇ ಮಾಡಿಸಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

"ಏನೂ ಆಗಲ್ಲ ಅಕ್ಕ, ನೀರು ಬರ್ತಿದೆಯಲ್ಲ" ಎಂದು ಹೇಳಿ ಹೋಗುವವರಿದ್ದಾರೆ. ನೀರು ಬರುವುದಕ್ಕೂ ಹಿಂದಕ್ಕೆ ಹೋಗದಿರುವುದಕ್ಕೂ ಸಂಬಂಧವಿಲ್ಲ. ಬಕೆಟ್ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ ತೋರಿಸಿ. ಆಮೇಲೆ ಹೀಗೆ ಕೇಳಿ: "ಎನ್‌ಆರ್‌ವಿ ಬಿಚ್ಚಿ ನೋಡಪ್ಪ. ಒಳಗೆ ಮರಳು, ತುಕ್ಕು ಕೂತಿದೆಯಾ? ವಾಷರ್ ಸವೆದಿದೆಯಾ? ವಾಲ್ವ್ ಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇದೆಯಾ?"

ಎಷ್ಟೋ ಸಲ ತೊಳೆದು ವಾಷರ್ ಬದಲಿಸಿದರೆ ಸಾಕು. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಹೊಸ ವಾಲ್ವೇ ಬೇಕು. ಬೋರ್‌ವೆಲ್ ಒಳಗಿನ ವಾಲ್ವ್ ನೋಡಲು ಮೋಟರ್ ಎತ್ತಬೇಕಾಗುತ್ತದೆ, ಖರ್ಚಿನ ಕೆಲಸ. ಸದ್ಯಕ್ಕೆ ಬೋರ್‌ವೆಲ್ಲಿನ ಬಾಯಿಯ ಹತ್ತಿರ ಮೇಲಿನ ಪೈಪಿಗೆ ಇನ್ನೊಂದು ಎನ್‌ಆರ್‌ವಿ ಕೂರಿಸಬಹುದೇ ಎಂದು ಕೇಳಿ. ಮುಂದೆ ಮೋಟರ್ ಎತ್ತಿದಾಗ ಒಳಗಿನದನ್ನೂ ನೋಡಿಸಿ. ವಾಲ್ವ್ ಬಿಚ್ಚುವ ಮೊದಲು ಸ್ಟಾರ್ಟರಿನ ಫ್ಯೂಸ್ ತೆಗೆದಿಡಿ. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಓಡುವಂತೆ ಆಟೋ ಸ್ಟಾರ್ಟರ್ ಇದ್ದರಂತೂ ಇದನ್ನು ಮರೆಯಬೇಡಿ.

ನಾಲ್ಕು ಬೆರಳಿನ ಅಂತರ

ಹೊಸ ವಾಲ್ವ್ ಹಾಕಿಸಿದ ಮೇಲೆ ಪೈಪನ್ನು ಮತ್ತೆ ತೊಟ್ಟಿಯಲ್ಲಿ ಮುಳುಗಿಸಿದರೆ ಪಟ್ಟ ಕಷ್ಟವೆಲ್ಲ ವ್ಯರ್ಥ. ಇವತ್ತು ಪಾಸಾದ ವಾಲ್ವಿಗೆ ನಾಳೆ ಒಂದು ಕಾಳು ಮರಳು ಸಿಕ್ಕಬಹುದು. ಎಂದೂ ಕೆಡದ ತಡೆ ಒಂದೇ, ನಲ್ಲಿಯ ತುದಿಗೂ ತೊಟ್ಟಿಯ ಅಂಚಿಗೂ ನಡುವಿನ ಗಾಳಿ.

ನಲ್ಲಿಯ ಅಥವಾ ಪೈಪಿನ ತುದಿ ತೊಟ್ಟಿಯ ಅಂಚಿಗಿಂತ ಪೈಪಿನ ಅಗಲದ ಎರಡರಷ್ಟಾದರೂ ಮೇಲಿರಬೇಕು. ಒಂದು ಇಂಚಿನ ಪೈಪಿಗೆ ಎರಡು ಇಂಚು. ಎಷ್ಟೇ ಸಣ್ಣ ಪೈಪಾದರೂ ಒಂದು ಇಂಚಿಗಿಂತ ಕಡಿಮೆ ಆಗಬಾರದು. ನಾಲ್ಕು ಬೆರಳು ಎಂದು ನೆನಪಿಟ್ಟುಕೊಂಡರೆ ಮನೆಬಳಕೆಯ ಪೈಪುಗಳಿಗೆ ಸಾಕು. ಅಳೆಯಬೇಕಾದದ್ದು ನೀರಿನ ಮಟ್ಟದಿಂದಲ್ಲ, ತೊಟ್ಟಿಯ ಅಂಚಿನಿಂದ. ತೊಟ್ಟಿ ತುಂಬಿ ಚೆಲ್ಲಿದರೂ ನೀರು ಪೈಪನ್ನು ಮುಟ್ಟಬಾರದು.

ಇದಕ್ಕೆ ಖರ್ಚು ಕಡಿಮೆ. ಗೋಡೆಗೆ ಮೊಳೆ ಹೊಡೆದು ಪೈಪಿನ ತುದಿಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ಇನ್ನೂ ಒಳ್ಳೆಯದೆಂದರೆ ಪೈಪು ತೊಟ್ಟಿಯೊಳಗೆ ಇಳಿಯದಷ್ಟು ಗಿಡ್ಡವಾಗಿ ಕತ್ತರಿಸಿಬಿಡುವುದು. ಆಗ ಅವಸರದಲ್ಲೂ ತಪ್ಪಾಗುವುದಿಲ್ಲ. ತೊಟ್ಟಿಗೆ ಬಾಲ್ ವಾಲ್ವ್ ಹಾಕಿಸಿದ್ದರೆ ಅದರ ಬಾಯಿಯೂ ಅಂಚಿಗಿಂತ ಮೇಲೇ ಇರಲಿ. ಔಷಧಿ ಡ್ರಮ್ಮಿಗೆ ಲೈನಿನಿಂದ ಪೈಪು ಬಿಡುವುದನ್ನು ನಿಲ್ಲಿಸಿ, ಬಿಂದಿಗೆಯಲ್ಲಿ ಹುಯ್ಯಲಿ. ಡೇರಿಯಲ್ಲಿ ಬಿಎಂಸಿ ಟ್ಯಾಂಕ್ ತೊಳೆಯುವ ಸೋಡಾ ಬಕೆಟ್ಟಿಗೂ ಇದೇ ನಿಯಮ. ಹಾಲು ಹಾಕಲು ಹೋದಾಗ ಅಲ್ಲಿನ ಪೈಪು ಎಲ್ಲಿದೆ ಎಂದು ಒಮ್ಮೆ ನೋಡಿ. ಅದನ್ನು ಕೇಳುವ ಹಕ್ಕು ಪ್ರತಿ ಸದಸ್ಯೆಗೂ ಇದೆ.

ಮತ್ತೆ ಪರೀಕ್ಷೆ

ರಿಪೇರಿಯಾದ ಮೇಲೆ ಬಕೆಟ್ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಅದು ಪಾಸಾದರೆ ವಾಲ್ವ್ ಸರಿಯಾಯಿತು ಎಂದಷ್ಟೇ ಅರ್ಥ, ನೀರು ಶುದ್ಧವಾಯಿತು ಎಂದಲ್ಲ. ನೀರಿನ ಪರೀಕ್ಷೆ ಬೇರೆ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಸಣ್ಣ ಶೀಷೆಗೆ ನೀರು ತುಂಬಿ ಇಡುವ ಪರೀಕ್ಷೆಯಲ್ಲಿ, ಒಂದೆರಡು ದಿನದೊಳಗೆ ನೀರು ಕಪ್ಪಾದರೆ ರೋಗಾಣು ಇದೆ ಎಂದರ್ಥ. ಬ್ಲೀಚಿಂಗ್ ವಾಸನೆ ಪೂರ್ತಿ ಹೋಗಿ ಕೆಲವು ದಿನ ಕಳೆದ ಮೇಲೆ ಈ ಪರೀಕ್ಷೆ ಮಾಡಿ. ಔಷಧಿ ಉಳಿದಿದ್ದರೆ ಫಲಿತಾಂಶ ನಂಬಲು ಬರುವುದಿಲ್ಲ.

ಲ್ಯಾಬಿನ ವರದಿ ಬಂದಾಗ ಎರಡು ಸಾಲು ನೋಡಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲೈ ರೋಗಾಣು ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೀಟನಾಶಕದ ಅನುಮಾನವಿದ್ದರೆ ಯಾವ ಔಷಧಿ ಎಂದು ಹೆಸರು ಹೇಳಿ, ಅದರ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಲ್ಯಾಬಿನಲ್ಲೇ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ನೆರೆಮನೆಗೂ ತಿಳಿಸಿ

ನಿಮ್ಮದು ಪಂಚಾಯಿತಿ ಲೈನಾಗಿದ್ದರೆ, ಅಥವಾ ಅಣ್ಣತಮ್ಮಂದಿರ ಮನೆಗಳಿಗೆ ಒಂದೇ ಬೋರ್‌ವೆಲ್ ಇದ್ದರೆ, ನಿಮ್ಮ ತೊಟ್ಟಿಯ ನೀರು ಅವರ ನಲ್ಲಿಯಲ್ಲೂ ಬಂದಿರುತ್ತದೆ. ಮಾತು ಬಿಟ್ಟಿದ್ದರೂ ಸರಿ, ಈ ವಿಷಯ ಮಾತ್ರ ಅದೇ ದಿನ ಹೇಳಿಕಳುಹಿಸಿ. ನೀರುಗಂಟಿಗೂ ತಿಳಿಸಿ.

ಪ್ರತಿ ತಿಂಗಳು ಹಾಲಿನ ಬಟವಾಡೆ ಆದ ದಿನ ಒಮ್ಮೆ ಬಕೆಟ್ ಇಟ್ಟು ನೋಡುವ ರೂಢಿ ಮಾಡಿಕೊಳ್ಳಿ. ಸಂಘದ ಮುಂದಿನ ಸಭೆಯಲ್ಲಿ ನಿಮ್ಮ ಮನೆಯ ಫಲಿತಾಂಶ ಹೇಳಿ, ಫೇಲಾಗಿದ್ದರೂ ಹೇಳಿ. ಅದನ್ನು ಕೇಳಿ ಹತ್ತು ಮನೆಯವರು ತಮ್ಮ ಕೊಟ್ಟಿಗೆಗೆ ಹೋಗಿ ಪೈಪು ಎತ್ತಿ ಕಟ್ಟಿದರೆ ಅಷ್ಟೂ ಮನೆಗಳ ಮಕ್ಕಳಿಗೆ ಒಳ್ಳೆಯದಾಗುತ್ತದೆ. ಇಂದು ಸಂಜೆ ಹಾಲು ಕರೆಯಲು ಕೂರುವ ಮುಂಚೆ ನಿಮ್ಮ ತೊಟ್ಟಿಯ ಕಡೆ ಒಮ್ಮೆ ನೋಡಿ. ಪೈಪು ನೀರಿನಲ್ಲಿದ್ದರೆ ಎತ್ತಿ ಕಟ್ಟಿ, ಆಮೇಲೆ ಕೂರಿ.